ಹಿಡಿದಿಟ್ಟ ದನಿ ಯಾರದು?

ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಹಾಡೊಂದಕ್ಕೆ ಕುಣಿದ ವಿಡಿಯೊವನ್ನು ಪೋಷಕರೊಬ್ಬರು ಯೂಟ್ಯೂಬಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೇ ಹಕ್ಕುಸ್ವಾಮ್ಯದ ಕ್ಲೇಮು ಬರುತ್ತದೆ. ಆಗ ಏಳುವ ಮಾತುಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ‘ಹಾಡು ಬರೆದ ಕವಿಗಳೇ ಒಪ್ಪಿಗೆ ಕೊಟ್ಟಿದ್ದಾರಲ್ಲ’, ‘ಸಿ.ಡಿ.ಯನ್ನು ದುಡ್ಡು ಕೊಟ್ಟೇ ತಂದದ್ದು’, ‘ಇದರಿಂದ ನಮಗೇನು ಲಾಭ ಬಂತು?’ ಮೂರೂ ನಿಜವೇ ಇರಬಹುದು. ಆದರೂ ಕ್ಲೇಮು ಬಿದ್ದುಹೋಗುವುದಿಲ್ಲ. ನಾವು ‘ಒಂದು ಹಾಡು’ ಅಂದುಕೊಂಡದ್ದು ಕಾನೂನಿನ ಲೆಕ್ಕದಲ್ಲಿ ಒಂದಲ್ಲ. ಸಾಹಿತ್ಯ ಒಂದು, ರಾಗಸಂಯೋಜನೆ ಇನ್ನೊಂದು, ಹಾಡಿಕೆ ಮತ್ತೊಂದು, ಇವೆಲ್ಲ ಸೇರಿ ಅಚ್ಚಾದ ಸದ್ದು ಮಗದೊಂದು. ಒಂದೊಂದಕ್ಕೂ ಬೇರೆ ಒಡೆಯರು, ಬೇರೆ ಅವಧಿ.

ಈ ಪದರಗಳನ್ನು ಯಾರೂ ಒಂದೇ ಸಲ ಕೂತು ಕಟ್ಟಲಿಲ್ಲ. ದನಿಯನ್ನು ಹಿಡಿಯುವ ಯಂತ್ರ ಬದಲಾದಂತೆಲ್ಲ ಒಂದೊಂದೇ ಬಂದು ಸೇರಿದವು. ಆದ್ದರಿಂದ ಯಂತ್ರದ ಕಡೆಯಿಂದಲೇ ಹೊರಡೋಣ.

ಸದ್ದೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ವೀಣೆಯ ತಂತಿ ಮೀಟಿದರೆ ಅದು ಸುತ್ತಲಿನ ಗಾಳಿಯನ್ನು ನೂಕುತ್ತದೆ, ಸೆಳೆಯುತ್ತದೆ. ಆ ನೂಕು-ಸೆಳೆತ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಬಂದು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಸೆಕೆಂಡಿಗೆ 20ರಿಂದ 20,000 ಸಲದವರೆಗಿನ ಅಲುಗಾಟ ನಮಗೆ ಸದ್ದಾಗಿ ಕೇಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ವೇದಿಕೆಯ ಮೇಲೆ ಗಾಯಕಿ, ಪಿಟೀಲು, ಮೃದಂಗ, ಘಟ ಎಲ್ಲ ಒಟ್ಟಿಗೇ ನುಡಿಯುತ್ತಿದ್ದರೂ ನಿಮ್ಮ ಕಿವಿಯ ಬಾಯಲ್ಲಿ ಯಾವುದೇ ಒಂದು ಕ್ಷಣಕ್ಕೆ ಗಾಳಿಯ ಒತ್ತಡ ಒಂದೇ ಇರುತ್ತದೆ. ಅಂದರೆ ಇಡೀ ಕಛೇರಿಯನ್ನು ಹೊತ್ತಿಗೆ ತಕ್ಕಂತೆ ಏರಿ ಇಳಿಯುವ ಒಂದೇ ಒಂದು ಗೆರೆಯಾಗಿ ಬರೆಯಬಹುದು. ಧ್ವನಿಮುದ್ರಣ ಸಾಧ್ಯವಾದದ್ದು ಈ ಒಂದು ಕಾರಣದಿಂದ. ಆ ಗೆರೆಯನ್ನು ಎಲ್ಲಿ ಬರೆಯಬೇಕು, ಬರೆದದ್ದನ್ನು ಮತ್ತೆ ಹೇಗೆ ಅಲುಗಾಟವಾಗಿಸಬೇಕು ಎಂಬುದೇ ಮುಂದಿನ ಎಲ್ಲ ಶೋಧಗಳ ಹೂರಣ.

ಮೊದಲು ಬರೆದವನಿಗೆ ಅದನ್ನು ಮತ್ತೆ ಕೇಳಿಸುವ ಉದ್ದೇಶವೇ ಇರಲಿಲ್ಲ. ಪ್ಯಾರಿಸ್ಸಿನ ಎದ್ವಾರ್ ಲೆಯೋನ್ ಸ್ಕಾಟ್ ದ ಮಾರ್ತಿನ್‌ವಿಲ್ 1857ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ, ಕೊಂಬಿನೊಳಗೆ ಹಾಡಿದರೆ ತುದಿಯ ತೆಳು ಪೊರೆ ನಡುಗಿ, ಅದಕ್ಕೆ ಅಂಟಿಸಿದ ಬಿರುಗೂದಲು ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆ ಗೀಚುತ್ತಿತ್ತು. ಸದ್ದನ್ನು ಕಣ್ಣಿಂದ ಓದಬೇಕೆಂಬುದು ಅವನ ಆಸೆ. 1860ರ ಏಪ್ರಿಲ್‌ನಲ್ಲಿ ಹೀಗೆ ಗೀಚಿದ ಫ್ರೆಂಚ್ ಜನಪದ ಹಾಡೊಂದರ ತುಣುಕನ್ನು ಅಮೆರಿಕದ ಸಂಶೋಧಕರು 2008ರಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಮೂಲಕ ಸದ್ದಾಗಿಸಿದರು. ಮೊದಲ ಸಲ ಕೇಳಿದವರಿಗೆ ಅದು ಹೆಣ್ಣಿನ ದನಿಯೆನಿಸಿತು. ಆಮೇಲೆ ವೇಗ ಇಮ್ಮಡಿಯಾಗಿದ್ದದ್ದು ಗೊತ್ತಾಗಿ, ನಿಧಾನಿಸಿ ಕೇಳಿದರೆ ಗಂಡು ದನಿ, ಬಹುಶಃ ಸ್ಕಾಟ್‌ನದೇ. ದಾಖಲೆಯಾದ ದನಿ ಯಾರದೆಂಬ ಪ್ರಶ್ನೆ ಮೊದಲ ದಾಖಲೆಯಿಂದಲೇ ಶುರುವಾಗಿದೆ ನೋಡಿ.

1877ರಲ್ಲಿ ಥಾಮಸ್ ಎಡಿಸನ್ ಕಾಗದದ ಬದಲು ತೆಳು ತವರದ ಹಾಳೆಯನ್ನು ಉರುಳೆಯೊಂದಕ್ಕೆ ಸುತ್ತಿದ. ಮೆತ್ತಗಿನ ತವರದಲ್ಲಿ ಮುಳ್ಳು ಹಳ್ಳ ತೋಡುತ್ತಿತ್ತು. ಅದೇ ಹಳ್ಳದಲ್ಲಿ ಇನ್ನೊಮ್ಮೆ ಮುಳ್ಳು ಓಡಿಸಿದರೆ ಪೊರೆ ನಡುಗಿ ದನಿ ಹೊರಡುತ್ತಿತ್ತು. ಬರೆಯುವುದೂ ಓದುವುದೂ ಒಂದೇ ಯಂತ್ರ. ಆದರೆ ಎಡಿಸನ್ನನ ಉರುಳೆಯನ್ನು ಸಾವಿರಗಟ್ಟಲೆ ಅಚ್ಚು ಹಾಕುವುದು ಕಷ್ಟವಿತ್ತು. ಅದನ್ನು ಬಗೆಹರಿಸಿದವನು ಎಮಿಲ್ ಬರ್ಲಿನರ್. 1887ರಲ್ಲಿ ಅವನು ಪೇಟೆಂಟ್ ಪಡೆದ ಗ್ರಾಮಫೋನಿನಲ್ಲಿ ಮುಳ್ಳು ಮೇಲೆ ಕೆಳಗೆ ಆಡುವ ಬದಲು ಎಡಕ್ಕೆ ಬಲಕ್ಕೆ ಆಡುತ್ತ ಗೆರೆ ಕೊರೆಯುತ್ತಿತ್ತು. ಮುಂದೆ ಅದು ಚಪ್ಪಟೆ ಪ್ಲೇಟಾಯಿತು. ಚಪ್ಪಟೆಯಾದ್ದರಿಂದ ಲೋಹದ ಅಚ್ಚು ಮಾಡಿ, ಬಿಸಿ ಮುದ್ದೆಯ ಮೇಲೆ ಒತ್ತಿದರೆ ಆಯಿತು, ಒಂದರ ಹಿಂದೆ ಒಂದು ಪ್ರತಿ. ದನಿ ಮಾರಾಟದ ಸರಕಾದದ್ದು ಇಲ್ಲಿಂದ.

ಆ ಮುದ್ದೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. 78 ಸುತ್ತಿನ ಪ್ಲೇಟಿಗೆ ಅಂಟಾಗಿ ಬಳಸುತ್ತಿದ್ದ ಶೆಲ್ಯಾಕ್ ಎಂದರೆ ಅರಗು. ಪಾಂಡವರ ಅರಗಿನ ಮನೆಯ ಅದೇ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಅರಗಿನ ಹುಳು ಮರದ ರೆಂಬೆಯ ಮೇಲೆ ಸುರಿಸಿದ್ದನ್ನು ಕೆರೆದು ತೆಗೆದು, ಕರಗಿಸಿ, ಸೋಸಿ ಹಡಗಿಗೆ ಹೇರುತ್ತಿದ್ದರು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಬೆರೆತು ಆ ಕಪ್ಪು ಪ್ಲೇಟು. ಕೈ ಜಾರಿದರೆ ಬಳೆಯಂತೆ ಚೂರಾಗುತ್ತಿದ್ದದ್ದೂ ಅದಕ್ಕೇ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದ. ನವೆಂಬರ್‌ನಲ್ಲಿ ಅವನ ಕೊಂಬಿನ ಮುಂದೆ ನಿಂತು ಹಾಡಿದವರು ಹೆಸರಾಂತ ಗಾಯಕಿ ಗೌಹರ್ ಜಾನ್. ವಿದ್ಯುತ್ತಿನ ನೆರವಿಲ್ಲದ ಕಾಲ ಅದು. ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುವ ಶಕ್ತಿಯೆಲ್ಲ ಹಾಡುವವರ ಉಸಿರಿನಿಂದಲೇ ಬರಬೇಕಿತ್ತು. ಮುಖವನ್ನು ಕೊಂಬಿನ ಬಾಯಿಗೆ ಒಡ್ಡಿ, ಗಟ್ಟಿಯಾಗಿ, ತಲೆ ಅಲುಗಿಸದೆ ಹಾಡಬೇಕು. ತಂಬೂರಿಯಂಥ ಮೆಲುದನಿ ಸರಿಯಾಗಿ ಬೀಳುತ್ತಲೇ ಇರಲಿಲ್ಲ. ಪ್ಲೇಟಿನಲ್ಲಿದ್ದ ಜಾಗ ಎರಡು-ಮೂರು ನಿಮಿಷದ್ದು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಆರಂಭಿಸಿ, ಅರಳಿಸಿ, ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಅವರು ಕೂಗಿ ಹೇಳುವುದು ಆ ಪ್ಲೇಟುಗಳಲ್ಲಿ ಇಂದಿಗೂ ಕೇಳುತ್ತದೆ. ಮೂಲ ಬಿಲ್ಲೆಗಳು ಅಚ್ಚಾಗಲು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ಪ್ಲೇಟಿಗೆ ಯಾರ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂದು ಹಾಗೆ ಹೇಳಿಸುತ್ತಿದ್ದರು ಎನ್ನುತ್ತಾರೆ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಎದ್ದ ಮೇಲೆ ಈ ಅಲೆದಾಟ ತಪ್ಪಿತು.

ಗೌಹರ್ ಜಾನ್ ನೂರಾರು ಹಾಡು ಕೊಟ್ಟರು. ಅವರ ದನಿ ಊರೂರಿಗೆ ಹೋಯಿತು. ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ಅವರು ತೀರಿಕೊಂಡರು. ಆ ಹೊತ್ತಿಗೆ ಅವರ ಪ್ಲೇಟುಗಳ ಮೇಲೆ ಕಾನೂನು ಅವರಿಗೆ ಕೊಟ್ಟಿದ್ದ ಹಕ್ಕು ಏನು? ಏನೂ ಇಲ್ಲ. ಆಗ ಇಲ್ಲಿ ನಡೆಯುತ್ತಿದ್ದುದು ಬ್ರಿಟನ್ನಿನ 1911ರ ಕಾಯ್ದೆಯನ್ನು ಆಧರಿಸಿದ 1914ರ ಕಾಯ್ದೆ. ಅದರ ಪ್ರಕಾರ ಮೂಲ ಪ್ಲೇಟು ತಯಾರಾದಾಗ ಅದರ ಒಡೆತನ ಯಾರದೋ ಅವರೇ ಆ ಧ್ವನಿಮುದ್ರಿಕೆಯ ಕರ್ತೃ. ಹಾಡುವವರ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕೊಂಬಿನ ಮುಂದೆ ನಿಂತಾಗ ಕೈಗೆ ಬಂದ ಹಣವೇ ಅವರ ಪಾಲು. ಈ ಅನ್ಯಾಯವನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕು. ಅದು ಸರಿಹೋಗಲು ಆಮೇಲೆ 60 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1925ರಲ್ಲಿ ಧ್ವನಿಮುದ್ರಣಕ್ಕೆ ಮೈಕ್ರೋಫೋನ್ ಬಂತು. ಗಾಳಿಯ ಅಲುಗಾಟವನ್ನು ವಿದ್ಯುತ್ತಾಗಿಸಿ, ಹಿಗ್ಗಿಸಿ, ಆ ಬಲದಿಂದ ಗೆರೆ ಕೊರೆಯುವ ಕ್ರಮ. ಕೂಗಿ ಹಾಡುವ ಅಗತ್ಯ ತಪ್ಪಿತು. ವೀಣೆಯ ಗಮಕವೂ ತಂಬೂರಿಯ ಝೇಂಕಾರವೂ ಪ್ಲೇಟಿಗೆ ಇಳಿದವು. ಪಿಸುಮಾತಿನಂತೆ ಹಾಡುವ ಶೈಲಿ ಹುಟ್ಟಿದ್ದೇ ಮೈಕಿನಿಂದ. 1948ರಲ್ಲಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವ ಎಲ್‌ಪಿ ಬಂದು, ಒಂದು ಬದಿಯಲ್ಲಿ 20 ನಿಮಿಷಕ್ಕೂ ಮೀರಿ ಹಿಡಿಯತೊಡಗಿತು.

ಈ ಕಾಲದ ಒಂದು ಸಂಗತಿಯನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಎಚ್‌ಎಂವಿ ಪ್ಲೇಟುಗಳಾಗಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರು. 1940ರ ದಶಕದ ಕೊನೆಯಲ್ಲಿ ನಡೆದ ಈ ಕೆಲಸಕ್ಕೆ ಕೃತಜ್ಞತೆಯಾಗಿ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಬರೆದಿಟ್ಟ ಸ್ವರಲಿಪಿ ಹೇಗೂ ಉಳಿಯುತ್ತಿತ್ತು. ಅದನ್ನು ಬರೆದವರ ಬೆರಳು ಹೇಗೆ ನುಡಿಸುತ್ತಿತ್ತೆಂಬುದು ಉಳಿದದ್ದು ಆ ಪ್ಲೇಟುಗಳಿಂದ. ಕೃತಿ ಬೇರೆ, ಅದರ ನುಡಿಕೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಮುಂದಿನದು ಟೇಪು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿ ಲೇಪಿಸಿ, ಅದನ್ನು ಅಯಸ್ಕಾಂತದ ಮುಂದೆ ಎಳೆದರೆ ಸದ್ದಿನ ಏರಿಳಿತ ಕಾಂತತೆಯ ಏರಿಳಿತವಾಗಿ ಉಳಿಯುತ್ತದೆ. 1930ರ ದಶಕದಲ್ಲಿ ಜರ್ಮನಿಯಲ್ಲಿ ಹದಗೊಂಡ ಈ ವಿದ್ಯೆ ಎರಡು ಹೊಸ ಸ್ವಾತಂತ್ರ್ಯ ಕೊಟ್ಟಿತು: ಅಳಿಸಬಹುದು, ಕತ್ತರಿಸಿ ಅಂಟಿಸಬಹುದು. ಆಮೇಲೆ ಹಲವು ಟ್ರ್ಯಾಕುಗಳು ಬಂದವು. ಗಾಯಕರು ಒಂದು ದಿನ, ವಾದ್ಯದವರು ಇನ್ನೊಂದು ದಿನ ಬಂದು ಹೋದರೂ ಹಾಡು ಒಂದಾಯಿತು. ಹೀಗಾದಾಗ, ಎಂದೂ ಒಂದೇ ಹೊತ್ತಿಗೆ ಎಲ್ಲೂ ನಡೆಯದ ಹಾಡಿಕೆಯೊಂದು ನಮ್ಮ ಕಿವಿಗೆ ಬೀಳುತ್ತದೆ. ಸ್ಟುಡಿಯೊದಲ್ಲಿ ಕೂತು ಅದನ್ನು ಬೆಸೆದವರ ಕೆಲಸವೂ ಒಂದು ಸೃಷ್ಟಿಯೇ ಎಂಬ ವಾದಕ್ಕೆ ಬಲ ಬಂದದ್ದು ಇಲ್ಲಿ.

1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟು ಈ ಟೇಪನ್ನು ಅಂಗೈಗೆ ತಂದಿತು. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಓಡುವ ವೇಗ ಸೆಕೆಂಡಿಗೆ 5 ಸೆಂಟಿಮೀಟರಿಗೂ ಕಡಿಮೆ, ಒಂದು ಬದಿಗೆ ಅರ್ಧ ಗಂಟೆ. ಗುಣಮಟ್ಟದಲ್ಲಿ ಪ್ಲೇಟಿಗೆ ಸಮವಲ್ಲ. ಆದರೆ ಪ್ಲೇಟು ಒತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ಟು ತುಂಬಲು ಎರಡು ಡೆಕ್ಕುಗಳಿದ್ದರೆ ಸಾಕು. ಕರಾವಳಿಯ ತಾಳಮದ್ದಳೆ, ಬಯಲುಸೀಮೆಯ ಹರಿಕಥೆ, ಉತ್ತರ ಕರ್ನಾಟಕದ ನಾಟಕದ ಹಾಡು, ಇವಕ್ಕೆಲ್ಲ ಮಾರುಕಟ್ಟೆ ಒದಗಿದ್ದು ಇದರಿಂದಲೇ. ಬೆಂಗಳೂರಿನಲ್ಲೇ ಕನ್ನಡದ ಆಡಿಯೊ ಕಂಪನಿಗಳು ಬೆಳೆದವು. ಜೊತೆಗೇ, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿಗಳೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ತಲೆಯೆತ್ತಿದವು. ಅಲ್ಲಿ ತುಂಬಿಸಿಕೊಂಡದ್ದರಲ್ಲಿ ಒಂದು ಪೈಸೆಯೂ ಕವಿಗೆ, ಸಂಗೀತ ನಿರ್ದೇಶಕರಿಗೆ, ಗಾಯಕರಿಗೆ ಹೋಗಲಿಲ್ಲ. ಪ್ರತಿಯ ಪ್ರತಿ, ಅದರ ಪ್ರತಿ ತೆಗೆದಂತೆಲ್ಲ ಕುಸುಗುಟ್ಟುವ ಸದ್ದು ಹೆಚ್ಚುತ್ತಿದ್ದದ್ದೊಂದೇ ಕಳ್ಳಪ್ರತಿಗೆ ಇದ್ದ ಅಡ್ಡಿ.

ಡಿಜಿಟಲ್ ಬಂದು ಆ ಅಡ್ಡಿಯನ್ನೂ ತೆಗೆದುಹಾಕಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಗೆರೆಯಿಲ್ಲ, ಅಂಕಿಗಳಿವೆ. ಸೆಕೆಂಡಿಗೆ 44,100 ಸಲ ಆ ಕ್ಷಣದ ಒತ್ತಡವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಾಗಿ ಬರೆದಿಡುತ್ತಾರೆ. ಆ 44,100 ಎಲ್ಲಿಂದ ಬಂತು? ಒಂದು ಅಲೆಯನ್ನು ಅಳತೆಗಳಿಂದ ಮತ್ತೆ ಕಟ್ಟಬೇಕಾದರೆ ಅದರ ಅತಿ ವೇಗದ ಅಲುಗಾಟದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ನೈಕ್ವಿಸ್ಟ್ ಮತ್ತು ಶಾನನ್ ಹೆಸರಿನ ನಿಯಮ. ಕಿವಿಯ ಮಿತಿ 20,000, ಎರಡರಷ್ಟು 40,000, ಸ್ವಲ್ಪ ಮೇಲಕ್ಕೆ ಜಾಗ ಬಿಟ್ಟರೆ 44,100. ಅಳತೆ ಅಳತೆಯ ನಡುವೆ ಸಂಗೀತ ಸೋರಿಹೋಗುತ್ತದೆ, ಡಿಜಿಟಲ್ ಸದ್ದು ಮೆಟ್ಟಿಲು ಮೆಟ್ಟಿಲಾಗಿರುತ್ತದೆ ಎಂಬ ಮಾತು ಸಂಗೀತಪ್ರಿಯರಲ್ಲಿ ಬಹಳ ಓಡಾಡುತ್ತದೆ. ಅದು ಸರಿಯಲ್ಲ. ಆ ಮಿತಿಯೊಳಗಿನ ಅಲೆ ಯಾವುದಿದ್ದರೂ ಈ ಅಂಕಿಗಳಿಂದ ನುಣುಪಾಗಿಯೇ ಮರಳಿ ಕಟ್ಟಬಹುದು. ಕೊನೆಗೆ ಸ್ಪೀಕರಿನ ಸುರುಳಿಗೆ ಹೋಗುವುದು ಎಡೆಬಿಡದೆ ಏರಿಳಿಯುವ ವಿದ್ಯುತ್ತೇ, ಅದು ಕಾಗದದ ಶಂಕುವನ್ನು ನೂಕಿ ಸೆಳೆದು ಮತ್ತೆ ಗಾಳಿಯನ್ನು ಅಲುಗಿಸುತ್ತದೆ.

ಹೀಗೆ ಬರೆದರೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಡಯಲ್ ಮಾಡಿ ಇಂಟರ್‌ನೆಟ್ ಹಿಡಿಯುತ್ತಿದ್ದ ಕಾಲದಲ್ಲಿ ಅಷ್ಟನ್ನು ಇಳಿಸಿಕೊಳ್ಳುವುದೆಂದರೆ ಮುಗಿಯದ ಕಾಯುವಿಕೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಜೊತೆಯವರು ರೂಪಿಸಿದ, 1995ರಲ್ಲಿ ಎಂಪಿ3 ಎಂದು ಹೆಸರು ಪಡೆದ ವಿಧಾನ ಅದನ್ನು ಹತ್ತನೇ ಒಂದಕ್ಕೂ ಕಡಿಮೆ ಮಾಡಿತು. ಅದರ ಉಪಾಯ ಇರುವುದು ಗಣಿತಕ್ಕಿಂತ ಹೆಚ್ಚಾಗಿ ನಮ್ಮ ಕಿವಿಯ ದೌರ್ಬಲ್ಯದಲ್ಲಿ. ಚೆಂಡೆ ಬಡಿದ ಕ್ಷಣದಲ್ಲಿ ಅದೇ ಸ್ಥಾಯಿಯ ಸಣ್ಣ ಸದ್ದು ನಮಗೆ ಕೇಳುವುದೇ ಇಲ್ಲ. ಕೇಳದ್ದನ್ನು ಬರೆದಿಡುವುದೇಕೆ? ಎಂಪಿ3 ಅಂಥದ್ದನ್ನೆಲ್ಲ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬಿಸಾಡುತ್ತದೆ. ಬಿಸಾಡಿದ್ದು ಮತ್ತೆ ಬರುವುದಿಲ್ಲ.

ಈಗ ಕಾನೂನು. ನಮ್ಮಲ್ಲಿ ಜಾರಿಯಲ್ಲಿರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಇದನ್ನು ಒಂದು ಕ್ಯಾಸೆಟ್ಟಿನ ಮೇಲೇ ಇಟ್ಟು ನೋಡೋಣ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟೆಂದೇ ಹೆಸರಾದದ್ದು. ಕವಿತೆಗಳು ಕೆ.ಎಸ್. ನಿಸಾರ್ ಅಹಮದರವು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಕವಿತೆ ಸಾಹಿತ್ಯ ಕೃತಿ. ಅದರ ಹಕ್ಕು ಕವಿಯ ಜೀವಿತಾವಧಿಯುದ್ದಕ್ಕೂ, ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷವೂ ಇರುತ್ತದೆ. ನಿಸಾರ್ ಅಹಮದರು 2020ರಲ್ಲಿ ತೀರಿಕೊಂಡರು. ಆದ್ದರಿಂದ ಕವಿತೆಯ ಹಕ್ಕು 2080ರ ಕೊನೆಯವರೆಗೆ. ರಾಗಸಂಯೋಜನೆ ಸಂಗೀತ ಕೃತಿ. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ಸಂಯೋಜನೆಯ ಹಕ್ಕು 2055ರ ಕೊನೆಯವರೆಗೆ. ಧ್ವನಿಮುದ್ರಿಕೆಯ ಲೆಕ್ಕ ಬೇರೆ: ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ. ಅಂದರೆ 2038ರ ಕೊನೆಗೆ ಆ ಧ್ವನಿಮುದ್ರಿಕೆಯ ಹಕ್ಕು ಮುಗಿಯುತ್ತದೆ. 2039ರಲ್ಲಿ ಆ ಕ್ಯಾಸೆಟ್ಟನ್ನು ಪ್ರತಿ ಮಾಡಿ ಮಾರಬಹುದೇ? ಆಗಲೂ ಆಗದು. ಮುದ್ರಿಕೆ ಬಿಡುಗಡೆಯಾದರೂ ಒಳಗಿನ ಕವಿತೆ ಮತ್ತು ರಾಗ ಬಿಡುಗಡೆಯಾಗಿರುವುದಿಲ್ಲ.

ಮತ್ತೆ ಆ ಶಾಲೆಯ ವಿಡಿಯೊಗೆ ಬಂದರೆ, ಕವಿಯ ಒಪ್ಪಿಗೆ ಏಕೆ ಸಾಲಲಿಲ್ಲವೆಂದು ಈಗ ತಿಳಿಯುತ್ತದೆ. ಅವರು ಕೊಡಬಲ್ಲದ್ದು ತಮ್ಮ ಪದರಕ್ಕೆ ಮಾತ್ರ. ಅದನ್ನೂ ಕಂಪನಿಗೆ ಬರೆದುಕೊಟ್ಟಿದ್ದರೆ ಅಷ್ಟೂ ಕೊಡಲಾರರು. ಮಕ್ಕಳೇ ಆ ಕವಿತೆಯನ್ನು ತಮ್ಮ ಮೇಷ್ಟ್ರು ಹೊಸದಾಗಿ ಹಾಕಿದ ರಾಗದಲ್ಲಿ ಹಾಡಿದ್ದರೆ, ಕವಿಯ ಒಪ್ಪಿಗೆಯೊಂದೇ ಸಾಕಾಗುತ್ತಿತ್ತು.

ಧ್ವನಿಮುದ್ರಿಕೆಯ ಕರ್ತೃ ಯಾರು? ನಿರ್ಮಾಪಕ, ಎಂದರೆ ಅದನ್ನು ತಯಾರಿಸಲು ಮುಂದಾಗಿ ಹೊಣೆ ಹೊತ್ತವರು. ಮೈಕಿನ ಮುಂದೆ ಹಾಡಿದವರಲ್ಲ. 1914ರ ಪ್ಲೇಟಿನ ಒಡೆಯನ ತರ್ಕವೇ ಇಲ್ಲಿ ರೂಪ ಬದಲಿಸಿ ಮುಂದುವರಿದಿದೆ. ಇದಕ್ಕಿಂತ ವಿಚಿತ್ರವಾದದ್ದು ಸಂಗೀತ ಕೃತಿಯ ವ್ಯಾಖ್ಯೆ. 1994ರ ತಿದ್ದುಪಡಿಯವರೆಗೂ ಬರೆದ, ಅಚ್ಚಾದ ಅಥವಾ ಯಾವುದಾದರೂ ಲಿಪಿಯಲ್ಲಿ ಮೂಡಿದ ಸ್ವರಸಂಯೋಜನೆಗೆ ಮಾತ್ರ ಆ ಹೆಸರು ಸಲ್ಲುತ್ತಿತ್ತು. ಹಾರ್ಮೋನಿಯಂ ಮುಂದೆ ಕೂತು, ಗುನುಗಿ, ಗಾಯಕರಿಗೆ ಬಾಯಿಪಾಠ ಮಾಡಿಸಿ ರಾಗ ಹಾಕುವ ನಾಡಿನಲ್ಲಿ ಇಂಥ ವ್ಯಾಖ್ಯೆ! ಯುರೋಪಿನ ಸ್ವರಲಿಪಿಯ ಸಂಪ್ರದಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಲು ನಮ್ಮವರ ಪಾಲಿಗೆ ದಶಕಗಳ ಕಾಲ ಮುಳುವಾಗಿ ಕೂತಿತ್ತು.

1977ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿದ ಐಪಿಆರ್‌ಎಸ್ (ಸಾಹಿತ್ಯ, ಸಂಗೀತದ ಕರ್ತೃಗಳ ಹಕ್ಕುಸ್ವಾಮ್ಯ ಸಂಘ) ಪ್ರಕರಣದಲ್ಲಿ, ಹಣ ಪಡೆದು ಸಿನಿಮಾಕ್ಕೆ ಸಂಗೀತ ಕೊಟ್ಟ ಮೇಲೆ ಬೇರೆ ಒಪ್ಪಂದವಿಲ್ಲದಿದ್ದರೆ ಹಕ್ಕು ನಿರ್ಮಾಪಕನದೇ ಎಂದು ತೀರ್ಪಾಯಿತು. ಆ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಒಂದು ಟಿಪ್ಪಣಿ ಸೇರಿಸಿದರು: ನಮ್ಮ ಸಂಗೀತದಲ್ಲಿ ಕೃತಿಗೆ ಜೀವ ತುಂಬುವವರು ಹಾಡುಗಾರರು, ಅವರನ್ನು ಹಕ್ಕಿನಿಂದ ಹೊರಗಿಟ್ಟಿರುವುದು ಈ ನೆಲದ ಸ್ವಭಾವಕ್ಕೇ ಒಗ್ಗದ್ದು, ಸಂಸತ್ತು ಇದನ್ನು ಗಮನಿಸಬೇಕು ಎಂಬುದು ಅದರ ಸಾರ. ಸಂಸತ್ತು ಗಮನಿಸಿದ್ದು 1994ರಲ್ಲಿ. ಆಗ ಬಂದ ತಿದ್ದುಪಡಿ ಹಾಡುವವರಿಗೆ, ನುಡಿಸುವವರಿಗೆ, ನಟರಿಗೆ ‘ಪ್ರದರ್ಶಕರ ಹಕ್ಕು’ ಕೊಟ್ಟಿತು. ಈಗ ಅದರ ಅವಧಿ 50 ವರ್ಷ. 2012ರಲ್ಲಿ ಇನ್ನೂ ದೊಡ್ಡ ಬದಲಾವಣೆ. ಹಿಂದಿ ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ನಿಂತು ವಾದಿಸಿದ ಆ ತಿದ್ದುಪಡಿಯ ಪ್ರಕಾರ, ಸಿನಿಮಾದಲ್ಲೋ ಧ್ವನಿಮುದ್ರಿಕೆಯಲ್ಲೋ ಸೇರಿದ ಸಾಹಿತ್ಯ, ಸಂಗೀತದ ಕರ್ತೃಗಳು ತಮ್ಮ ರಾಯಧನದ ಸಮಪಾಲನ್ನು ಬರೆದುಕೊಟ್ಟರೂ ಅದು ಊರ್ಜಿತವಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಕಷ್ಟದಲ್ಲಿರುವ ಕವಿ ಒಂದು ಸಹಿಯಿಂದ ಎಲ್ಲವನ್ನೂ ಕಳೆದುಕೊಳ್ಳುವ ದಾರಿಯನ್ನು ಕಾಯ್ದೆಯೇ ಮುಚ್ಚಿದೆ. ನಮ್ಮ ಹಕ್ಕುಸ್ವಾಮ್ಯ ಕಾನೂನಿನಲ್ಲಿ ನನಗೆ ತೀರ ಮೆಚ್ಚುಗೆಯಾದ ಸಾಲು ಇದೇ. ಗಾಯಕರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕು ಅದೇ ತಿದ್ದುಪಡಿಯಿಂದ ಬಂತು.

ಹೋಟೆಲಿನಲ್ಲೋ ಬಟ್ಟೆ ಅಂಗಡಿಯಲ್ಲೋ ಹಾಡು ಹಾಕುವವರು ಎರಡೆರಡು ಕಡೆ ಏಕೆ ಲೈಸೆನ್ಸ್ ತೆಗೆದುಕೊಳ್ಳಬೇಕೆಂಬುದೂ ಈ ಪದರಗಳಿಂದಲೇ ಬಿಡಿಸಿಕೊಳ್ಳುತ್ತದೆ. ಧ್ವನಿಮುದ್ರಿಕೆಯ ಪರವಾಗಿ ಪಿಪಿಎಲ್ ಎಂಬ ಸಂಸ್ಥೆ ಅಥವಾ ಆಯಾ ಕಂಪನಿ ಕೇಳುತ್ತದೆ. ಸಾಹಿತ್ಯ, ಸಂಗೀತದ ಪರವಾಗಿ ಐಪಿಆರ್‌ಎಸ್ ಕೇಳುತ್ತದೆ. ಎಫ್‌ಎಂ ರೇಡಿಯೊಗಳು ಎರಡನೆಯದನ್ನು ಕೊಡಬೇಕಿಲ್ಲವೆಂದು ಬಹಳ ಕಾಲ ವಾದಿಸಿದವು. 2012ರ ತಿದ್ದುಪಡಿಯ ಆಧಾರದ ಮೇಲೆ ಕೊಡಲೇಬೇಕೆಂದು ಬಾಂಬೆ ಹೈಕೋರ್ಟ್ 2023ರಲ್ಲಿ ಹೇಳಿತು.

ಮನೆಯಲ್ಲಿ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಿಜವಾದ ಧಾರ್ಮಿಕ ಆಚರಣೆಗೂ ಸರ್ಕಾರಿ ಸಮಾರಂಭಕ್ಕೂ 52ನೆಯ ಕಲಮಿನಲ್ಲಿ ವಿನಾಯಿತಿಯಿದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ. ಇದನ್ನೇ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಣೆಯಲ್ಲಿ ಮತ್ತೆ ಹೇಳಿತು. ಆದರೆ ಹೋಟೆಲಿನಲ್ಲಿ ಡಿಜೆ ಕರೆಸಿ ಮಾಡುವ ಪಾರ್ಟಿ ಎಲ್ಲಿಯವರೆಗೆ ಮದುವೆಯ ಭಾಗ ಎಂಬ ಜಗಳ ಕೋರ್ಟುಗಳಲ್ಲಿ ಬೆಳೆಯುತ್ತಲೇ ಇದೆ. ಕಲ್ಯಾಣ ಮಂಟಪದಲ್ಲಿ ಯಾರಾದರೂ ರಸೀದಿ ಪುಸ್ತಕ ಹಿಡಿದು ಬಂದರೆ ಕನಿಷ್ಠ ಈ ಕಲಮಿನ ಹೆಸರಾದರೂ ನೆನಪಿರಲಿ.

ಹಳೆಯ ಹಾಡನ್ನು ಹೊಸದಾಗಿ ಹಾಡಿ ಮುದ್ರಿಸಲು ಕಾಯ್ದೆ ಒಂದು ದಾರಿ ಬಿಟ್ಟಿದೆ. ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷವಾದ ಮೇಲೆ, ಮೂಲದ ಒಡೆಯರಿಗೆ ಮುಂಚಿತವಾಗಿ ತಿಳಿಸಿ, ರಾಯಧನ ಕಟ್ಟಿ, ಸಾಹಿತ್ಯ-ರಾಗ ಕೆಡಿಸದೆ, ಮೂಲ ಗಾಯಕರ ಹೆಸರನ್ನೋ ಚಿತ್ರವನ್ನೋ ದುರ್ಬಳಕೆ ಮಾಡದೆ ‘ಕವರ್’ ತರಬಹುದು. ತೊಡಕಿರುವುದು ರಾಯಧನದಲ್ಲಿ: ಪ್ರತಿ ವರ್ಷ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಕಟ್ಟಬೇಕು. ಭಾವಗೀತೆ ಹಾಡುವ ಯುವ ಗಾಯಕಿಯೊಬ್ಬಳಿಗೆ ಇದು ಎಟುಕುವ ಮಾತಲ್ಲ. ಪ್ರಸಾರ ಕಡಿಮೆಯಿರುವ ಭಾಷೆ, ಉಪಭಾಷೆಗಳಿಗೆ ಈ ಮಿತಿಯನ್ನು ಇಳಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಕನ್ನಡ, ತುಳು, ಕೊಡವದಂಥ ಭಾಷೆಗಳ ಪರವಾಗಿ ಅದನ್ನು ಕೇಳುವ ದನಿ ಏಳಬೇಕು.

ಯೂಟ್ಯೂಬಿನ ಕ್ಲೇಮು ಕಾನೂನಲ್ಲ, ಯಂತ್ರದ ಊಹೆ ಎಂಬುದನ್ನೂ ತಿಳಿದಿರಬೇಕು. ಕಂಪನಿಗಳು ಒಪ್ಪಿಸಿದ ಹಾಡುಗಳಿಂದ ಯಾವ ಹೊತ್ತಿಗೆ ಯಾವ ಸ್ಥಾಯಿಯಲ್ಲಿ ಸದ್ದು ಜೋರಾಗಿದೆ ಎಂಬ ನಕ್ಷೆಯನ್ನು ತೆಗೆದಿಟ್ಟುಕೊಂಡು, ಹೊಸ ವಿಡಿಯೊದ ನಕ್ಷೆಯನ್ನು ಅದರ ಜೊತೆ ಹೋಲಿಸುತ್ತಾರೆ. ಹೊಂದಿದರೆ ಕ್ಲೇಮು. ಪುರಂದರದಾಸರ ಪದಕ್ಕೆ ಯಾರ ಹಕ್ಕೂ ಇಲ್ಲ. ಆದರೂ ಅದೇ ರಾಗ, ಅದೇ ಶ್ರುತಿ, ಅದೇ ನಡೆಯಲ್ಲಿ ನೀವು ಹಾಡಿದ್ದು ಯಾವುದೋ ಕಂಪನಿಯ ಮುದ್ರಿಕೆಗೆ ಹೊಂದಿಬಿಡಬಹುದು. ಅಂಥ ಕಡೆ ಸುಮ್ಮನಿರದೆ ಆಕ್ಷೇಪಣೆ ಸಲ್ಲಿಸಬೇಕು. ಯಂತ್ರಕ್ಕೆ ದಾಸರ ಕಾಲ ಗೊತ್ತಿಲ್ಲ; ಹೇಳಬೇಕಾದವರು ನಾವು.

ಇಷ್ಟೆಲ್ಲ ಪದರಗಳಿದ್ದರೂ ದನಿಗೆ, ಅಂದರೆ ಒಬ್ಬರ ಕಂಠದ ಬಣ್ಣಕ್ಕೆ, ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಜಾಗವಿಲ್ಲ. ಮಿಮಿಕ್ರಿಯವರಿಂದ ಅದಕ್ಕೆ ದೊಡ್ಡ ಅಪಾಯವೇನೂ ಇರಲಿಲ್ಲ. ಈಗ ಕಂಪ್ಯೂಟರ್ ಕೆಲವು ನಿಮಿಷದ ಮಾದರಿ ಕೇಳಿ, ಆ ಗಾಯಕರು ಎಂದೂ ಹಾಡದ ಹಾಡನ್ನು ಅವರದೇ ಕಂಠದಲ್ಲಿ ಹಾಡಿಸುತ್ತದೆ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಹೂಡಿದ ದಾವೆಯಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಒಪ್ಪಿಗೆಯಿಲ್ಲದೆ ಅವರ ದನಿಯನ್ನು ಹೀಗೆ ನಕಲು ಮಾಡುವುದು ಅವರ ವ್ಯಕ್ತಿತ್ವದ ಹಕ್ಕಿಗೆ ಧಕ್ಕೆ ಎಂದಿತು. ಹೆಸರಾದವರಿಗೆ ಕೋರ್ಟಿದೆ. ಕಂಪನಿಗೆ ದನಿ ಒದಗಿಸಿ ಬದುಕುವ ಡಬ್ಬಿಂಗ್ ಕಲಾವಿದರು, ಕೋರಸ್ ಹಾಡುವವರು ತಮ್ಮ ಒಪ್ಪಂದದಲ್ಲಿ ಈ ವಿಷಯವನ್ನು ಇಂದೇ ಬರೆಸಿಕೊಳ್ಳುವುದು ಒಳ್ಳೆಯದು.

ತಾಳಮದ್ದಳೆಯನ್ನೋ ಅಜ್ಜಿಯರ ಸೋಬಾನೆ ಪದವನ್ನೋ ಮೊಬೈಲಿನಲ್ಲಿ ಮುದ್ರಿಸುವವರು ನಮ್ಮಲ್ಲಿ ಬಹಳ ಮಂದಿ. ಅವರೂ ಈ ಲೆಕ್ಕದೊಳಗೇ ಬರುತ್ತಾರೆ. ಪ್ರಸಂಗದ ಪದ್ಯ ಹಳೆಯದಾಗಿದ್ದರೆ ಅದು ಎಲ್ಲರದು. ಆದರೆ ಭಾಗವತರ ಹಾಡಿಕೆ ಅವರ ಪ್ರದರ್ಶನ. ಅರ್ಥಧಾರಿ ಆ ಗಳಿಗೆಯಲ್ಲಿ ಕಟ್ಟಿದ ಮಾತು? ಸಾರ್ವಜನಿಕ ಭಾಷಣದ ಮೊದಲ ಒಡೆತನ ಮಾತಾಡಿದವರದೇ ಎಂದು ಕಾಯ್ದೆ ಹೇಳುತ್ತದೆ. ಅರ್ಥಗಾರಿಕೆಗೂ ಅದೇ ಒಪ್ಪಬೇಕೆಂಬುದು ನನ್ನ ಅಭಿಪ್ರಾಯ. ಸೋಬಾನೆಯ ಸಾಹಿತ್ಯ ಯಾರ ಆಸ್ತಿಯೂ ಅಲ್ಲದಿದ್ದರೂ ಅಂದಿನ ಹಾಡಿಕೆ ಆ ಅಜ್ಜಿಯದು. ಮುದ್ರಿಸಲು, ಹಂಚಲು ಅವರ ಒಪ್ಪಿಗೆ ಬೇಕು. ಹಾಡಿದವರು ತಾವೆಂದು ಹೆಸರಿಸಿಕೊಳ್ಳುವ ಹಕ್ಕೂ ಅವರಿಗಿದೆ. ಒಪ್ಪಿಗೆಯನ್ನು ಅವರ ಬಾಯಲ್ಲೇ ಹೇಳಿಸಿ, ಹೆಸರು, ಊರು, ದಿನಾಂಕದ ಸಮೇತ ಮುದ್ರಿಕೆಯ ಮೊದಲಿಗೇ ಸೇರಿಸಿಡಿ. ಮೂಲವನ್ನು ಏನನ್ನೂ ಬಿಸಾಡದ ವೇವ್ ಫೈಲಾಗಿ ಉಳಿಸಿ, ವಾಟ್ಸಾಪಿಗೆ ಕಳಿಸಲು ಬೇಕಾದರೆ ಅದರಿಂದ ಎಂಪಿ3 ತೆಗೆಯಿರಿ. ಮುಂದೆ ಯಾರಾದರೂ ಆ ಪದವನ್ನು ಶುಚಿಗೊಳಿಸಲು ಹೊರಟರೆ, ಎಂಪಿ3 ಬಿಸಾಡಿದ ಭಾಗ ಅವರಿಗೆ ಬೇಕಾಗುತ್ತದೆ.